ಸರ್ವಾನುಮತದ ಪಟ್ಟ

ಬಲ್ಬ್ ಕಾರ್ಖಾನೆಯ ಮೇಷ್ಟ್ರಿಗೆ ಮೂವತ್ತೊಂದು ವರ್ಷದಲ್ಲಿ ಉತ್ತರ ಗೊತ್ತಿಲ್ಲದ ಪ್ರಶ್ನೆ ಅಂತ ಒಂದೂ ಬಂದಿರಲಿಲ್ಲ. ಅದರಲ್ಲಿ ಅವರ ಜಾಣತನವೇನೂ ಇರಲಿಲ್ಲ. ಪ್ರಶ್ನೆ ಕೇಳುವವರೇ ಇರಲಿಲ್ಲ. ಮಂಗಳವಾರ ಪಾಳಿ ಮುಗಿದ ಮೇಲೆ ಕ್ಯಾಂಟೀನಿನಲ್ಲಿ ಕಾರ್ಮಿಕರಿಗೆ ರಾಜಕೀಯ ಪಾಠ ಹೇಳುವುದು ಅವರ ಕೆಲಸ. ಕೇಳುವವರು ಕಣ್ಣು ಬಿಟ್ಟುಕೊಂಡೇ ನಿದ್ದೆ ಮಾಡುವುದನ್ನು ಕಲಿತಿದ್ದರು. ಮೇಷ್ಟ್ರೂ ಹೆಚ್ಚುಕಮ್ಮಿ ನಿದ್ದೆಯಲ್ಲೇ ಪಾಠ ಹೇಳುವುದನ್ನು ಕಲಿತಿದ್ದರು.

ಮಹಾನಾಯಕರ ಮೊಮ್ಮಗ ಅಧಿಕಾರಕ್ಕೆ ಬಂದ ವಾರ ಮಾತ್ರ ಒಬ್ಬಳು ಕೇಳಿಯೇಬಿಟ್ಟಳು. ಬಲ್ಬಿನ ಗಾಜು ಊದುವ ವಿಭಾಗದವಳು, ಎಲ್ಲರ ಬಾಯಲ್ಲೂ ಗಾಜಿನಕ್ಕ.

"ಮೇಷ್ಟ್ರೇ, ತಪ್ಪು ತಿಳ್ಕೋಬೇಡಿ. ಅಜ್ಜ ಆದ್ಮೇಲೆ ಮಗ, ಮಗ ಆದ್ಮೇಲೆ ಮೊಮ್ಮಗ. ನಾವು ಓಡಿಸಿದ್ವಲ್ಲ, ಆ ರಾಜರ ಮನೇಲೂ ಹೀಗೇ ತಾನೇ ಇದ್ದಿದ್ದು?"

ಕ್ಯಾಂಟೀನಿಗೆ ಕ್ಯಾಂಟೀನೇ ಎಚ್ಚರವಾಯಿತು. ಮೇಷ್ಟ್ರಿಗೂ ಎಚ್ಚರವಾಯಿತು. ಪುಣ್ಯಕ್ಕೆ, ಹಿಂದೆ ಮಹಾನಾಯಕರ ಮಗ ಅಧಿಕಾರಕ್ಕೆ ಬಂದಾಗ ಇದೇ ಕುರ್ಚಿಯಲ್ಲಿ ಕೂತು ಪಾಠ ಹೇಳುತ್ತಿದ್ದ ಮೇಷ್ಟ್ರ ಅಪ್ಪ ಬರೆದಿಟ್ಟಿದ್ದ ಉತ್ತರ ನೆನಪಿತ್ತು. ಅದನ್ನೇ ಮೊಮ್ಮಗನಿಗೂ ಹೊಂದಿಸಿದರು.

"ರಾಜ ಬರೋದು ರಕ್ತದಿಂದಮ್ಮ. ನಮ್ಮವರು ಯೋಗ್ಯತೆಯಿಂದ ಬಂದವರು. ಹುಡುಕಿದಾಗೆಲ್ಲ ಯೋಗ್ಯತೆ ಒಂದೇ ಮನೇಲಿ ಸಿಕ್ರೆ ಏನು ಮಾಡೋಕಾಗುತ್ತೆ? ಅದೂ ಅಲ್ದೆ, ರಾಜನ ಮುಂದೆ ಯಾರಾದ್ರೂ ಬೇಡ ಅಂತ ಕೈ ಎತ್ತೋ ಹಾಗಿತ್ತಾ? ಇಲ್ಲಿ ಯಾರು ಬೇಕಾದ್ರೂ ಎತ್ತಬಹುದು."

"ಯಾರಾದ್ರೂ ಎತ್ತಿದ್ದಾರಾ?"

"ಎತ್ತೋ ಪ್ರಸಂಗವೇ ಬಂದಿಲ್ಲ."

ಗಾಜಿನಕ್ಕ ತಲೆಯಾಡಿಸಿ ಕೂತಳು. ಅಚ್ಚುಕಟ್ಟಾಗಿ ತಿಪ್ಪೆ ಸಾರಿಸಿದೆ ಅಂತ ಬೀಗುತ್ತ ಮೇಷ್ಟ್ರು ಮನೆಗೆ ಬಂದು, ಊಟಕ್ಕೆ ಕೂತಾಗ ಹೆಂಡತಿಗೂ ಮಗಳಿಗೂ ಎಲ್ಲವನ್ನೂ ಉಪ್ಪುಖಾರ ಹಚ್ಚಿ ಹೇಳಿದರು.

ಮನೆ ಅಂದರೆ ಮೂರನೇ ಮಹಡಿಯಲ್ಲಿ ಎರಡು ಕೋಣೆ. ಬಿಸಿನೀರು ಬರುವ ಒಂದು ನಲ್ಲಿ, ರಸ್ತೆ ಕಡೆಗೊಂದು ಕಿಟಕಿ. ಅದು ಮೇಷ್ಟ್ರದ್ದಲ್ಲ, ಹುದ್ದೆಯದ್ದು. ಅಪ್ಪನ ಹುದ್ದೆಯ ಜೊತೆಗೇ ಇವರಿಗೆ ಬಂದದ್ದು. ಈಗ ಗಂಟಲು ಕೈಕೊಟ್ಟಿತ್ತು. ಪಾಠ ಇನ್ನು ಸಾಕು ಅಂತ ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಹೊರಗಿನವರು ಯಾರಾದರೂ ಆ ಜಾಗಕ್ಕೆ ಬಂದರೆ ತಿಂಗಳೊಳಗೆ ಗಂಟುಮೂಟೆ ಕಟ್ಟಬೇಕು. ಆಮೇಲೆ ಹೆಂಡತಿ, ಅವಳ ಹೊಲಿಗೆ ಮಿಷನ್ನು, ಇವರು, ಮಗಳು ಎಲ್ಲ ಸೇರಿ ಕಾರ್ಮಿಕರ ವಸತಿಗೃಹದಲ್ಲಿ ಒಂದು ಪರದೆಯ ಹಿಂದೆ ಬದುಕಬೇಕು.

ಹಾಗಾಗಿ ಆ ಜಾಗಕ್ಕೆ ಮಗಳೇ ಬರಬೇಕಿತ್ತು. ಮಗಳೋ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಇಂಜಿನ್ನಿನ ಸದ್ದು ಕೇಳಿಯೇ ಎಲ್ಲಿ ಏನು ಕೆಟ್ಟಿದೆ ಅಂತ ಹೇಳುವವಳು.

"ನನಗೆ ಬೇಡಪ್ಪ," ಅಂದಳು. "ನಾನು ರಿಪೇರಿ ಮಾಡಿದ್ರೆ ಬಸ್ಸು ಹೊರಡುತ್ತೆ. ನೀನು ಇಷ್ಟು ವರ್ಷ ಪಾಠ ಮಾಡಿ ಏನು ಹೊರಟಿದೆ ಹೇಳು?"

"ಮನೆ ಹೋಗುತ್ತಲ್ಲೇ!"

"ಮಹಾನಾಯಕರೂ ಮಗನಿಗೆ ಹೀಗೇ ಹೇಳಿರ್ಬೇಕು."

ಮೇಷ್ಟ್ರು ಗಡಬಡಿಸಿ ಎದ್ದು ಕಿಟಕಿ ಮುಚ್ಚಿದರು. ಆದರೆ ಮಾತು ನಾಟಿತ್ತು. ಮಹಾನಾಯಕರು ದೇಶ ಬಿಟ್ಟುಕೊಡಲಿಲ್ಲ, ತಾನು ಎರಡು ಕೋಣೆ ಬಿಟ್ಟುಕೊಡುತ್ತಿಲ್ಲ. ಅಳತೆಯಲ್ಲಿ ವ್ಯತ್ಯಾಸ, ಅಷ್ಟೇ. ಅಯ್ಯೋ ನನ್ನ ವಂಶವೇ, ನಮಗೂ ಒಂದು ಸಿಂಹಾಸನ ಇದೆ, ಕ್ಯಾಂಟೀನಿನಲ್ಲಿ ಕಾಲು ಅಲ್ಲಾಡುವ ಕುರ್ಚಿ, ಅಂದುಕೊಂಡು ಒಬ್ಬರೇ ನಕ್ಕರು. ಚೆನ್ನಾಗಿ ನಕ್ಕು, ಮಾರನೇ ದಿನ ಹೋಗಿ ಮಗಳ ಹೆಸರನ್ನು ಕಾರ್ಖಾನೆ ಸಮಿತಿಯ ಕಾರ್ಯದರ್ಶಿಗೆ ಬರೆದುಕೊಟ್ಟರು.

ಶುಕ್ರವಾರ ಹುದ್ದೆಗೆ ಆಯ್ಕೆ ಮಾಡುವ ಸಭೆ. ಮಗಳನ್ನು ಡಿಪೋದಿಂದಲೇ ಕರೆಸಿದ್ದರು, ಕೆಲಸದ ಬಟ್ಟೆಯಲ್ಲೇ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದಳು. ಸಭೆಯಲ್ಲಿ ಇದ್ದವರಿಗೆಲ್ಲ ಮತ ಉಂಟು ಅನ್ನುವುದು ನಿಯಮ. ಆ ನಿಯಮವನ್ನೂ ಮೇಷ್ಟ್ರೇ ಪಾಠ ಮಾಡಿದ್ದರು.

"ಪರವಾಗಿ?" ಅಂದರು ಕಾರ್ಯದರ್ಶಿ. ಮಾತು ಮುಗಿಯುವ ಮೊದಲೇ ಕೈಗಳು ಮೇಲೆದ್ದವು. ಮೇಷ್ಟ್ರ ಕೈ ಎಲ್ಲರಿಗಿಂತ ಮೇಲಿತ್ತು.

"ವಿರೋಧ?" ಅಂದವರೇ ಪೆನ್ನಿಗೆ ಕ್ಯಾಪ್ ಹಾಕಿದರು. ವಿರೋಧದ ಮುಂದೆ 'ಯಾರೂ ಇಲ್ಲ' ಅಂತ ಫಾರಂನಲ್ಲೇ ಅಚ್ಚಾಗಿತ್ತು, ಬರೆಯುವ ಕೆಲಸ ಇರಲಿಲ್ಲ.

ಮಗಳು ಕೈ ಎತ್ತಿದಳು.

"ಟಾಯ್ಲೆಟ್ ಹೊರಗೆ ಎಡಗಡೆ ಇದೆಯಮ್ಮ," ಅಂದರು ಕಾರ್ಯದರ್ಶಿ.

"ಅದಕ್ಕಲ್ಲ. ನನ್ನದು ವಿರೋಧ."

ಕಾರ್ಯದರ್ಶಿ ಫಾರಂ ತಿರುಗಿಸಿ ಹಿಂದೆ ಎಲ್ಲಾದರೂ ಜಾಗ ಇದೆಯಾ ಅಂತ ನೋಡಿದರು. ಖಾಲಿ ಜಾಗ ಒಂದು ಬೆರಳಿನಷ್ಟೂ ಇರಲಿಲ್ಲ. ಅವರ ಹಣೆ ಬೆವರಿತು. "ಮೇಷ್ಟ್ರೇ, ಇದೇನ್ರೀ ಇದು? ಹೀಗಂತ ಮೇಲಕ್ಕೆ ಕಳಿಸಿದ್ರೆ ನನ್ನ ಗತಿ ಏನು? ಇವಳ ಗತಿ ಏನು?"

ಎಲ್ಲರ ಕಣ್ಣೂ ಮೇಷ್ಟ್ರ ಮೇಲೆ ಬಿತ್ತು. ಗಾಜಿನಕ್ಕ ಕತ್ತು ಉದ್ದ ಮಾಡಿ ನೋಡುತ್ತಿದ್ದಳು. ಮಗಳು ಕೈ ಇಳಿಸದೆ ತಿರುಗಿ ನೋಡಿದಳು. ನೀನೇ ಹೇಳಿದ್ದಲ್ವಾ ಅನ್ನುವ ನೋಟ. 'ವಿರೋಧ ಒಂದು ಅಂತ ಬರೀರಿ' ಅಂದರೆ ಸಾಕಿತ್ತು, ನಾಲ್ಕೇ ಮಾತು. ಮೇಷ್ಟ್ರು ಎದ್ದು ನಿಂತರು, ಬಾಯಿಯನ್ನೂ ತೆರೆದರು.

"ಅವಳಿಗೆ ಭುಜ ಹಿಡ್ಕೊಂಡಿದೆ, ಕಾರ್ಯದರ್ಶಿಗಳೇ. ಪರವಾಗಿ ಅಂದಾಗ ಎತ್ತೋಕೆ ಶುರು ಮಾಡಿದ್ದು, ಈಗ ಮೇಲಕ್ಕೆ ಬಂತು."

ಸಭೆಯೆಲ್ಲ ಗೊಳ್ಳೆಂದಿತು. ಬದುಕಿದೆಯಾ ಬಡಜೀವವೇ ಅನ್ನುವಂಥ ನಗು. "ಹಾಗನ್ನಿ ಮತ್ತೆ! ಸರ್ವಾನುಮತ!" ಅಂತ ಕಾರ್ಯದರ್ಶಿ ಸೀಲು ಕುಟ್ಟಿದರು. ಚಪ್ಪಾಳೆ ಶುರುವಾಯಿತು. ಮಗಳ ಕೈ ಇನ್ನೂ ಮೇಲೇ ಇತ್ತು, ಅದು ಕೆಳಗಿಳಿಯುವ ತನಕ ಚಪ್ಪಾಳೆಯೂ ನಿಲ್ಲಲಿಲ್ಲ. ಗಾಜಿನಕ್ಕನೂ ತಲೆ ತಗ್ಗಿಸಿಕೊಂಡು ತಟ್ಟಿದಳು.

ಸಭೆ ಮುಗಿದು ಅಪ್ಪ ಮಗಳು ಮನೆ ಕಡೆ ಹೊರಟರು. ಎರಡನೇ ಮಹಡಿಯ ಮೆಟ್ಟಿಲಲ್ಲಿ ಮೇಷ್ಟ್ರು ಉಸಿರು ಸುಧಾರಿಸಿಕೊಳ್ಳಲು ನಿಂತಾಗ ಅವಳೂ ನಿಂತಳು.

"ಅಪ್ಪ, ಗಾಜಿನಕ್ಕ ಅಂದಿದ್ದು ತಪ್ಪು. ಇದು ರಾಜರ ಆಳ್ವಿಕೆ ಅಲ್ಲವೇ ಅಲ್ಲ."

"ಯಾಕೆ?"

"ರಾಜನ ಮಗನಿಗಾದ್ರೆ ಪಟ್ಟ ಬೇಡ ಅನ್ನಿಸಿದ್ರೆ ಬೇಡ ಅಂದು ಎದ್ದು ಹೋಗಬಹುದಿತ್ತು. ನನ್ನನ್ನ ಸರ್ವಾನುಮತದಿಂದ ಆರಿಸಿದ್ದಾರೆ. ಅದರಲ್ಲಿ ನನ್ನ ಮತಾನೂ ಸೇರಿದೆ."

ನಾಚಿಕೆಯಿಂದ ಮೇಷ್ಟ್ರ ಮುಖ ಸುಡುತ್ತಿತ್ತು. ಅದರ ಜೊತೆಗೇ, ಮನೆಯಂತೂ ಉಳಿಯಿತಲ್ಲ ಅಂತ ಒಳಗೊಳಗೆ ಹಾಯೆನಿಸುತ್ತಿತ್ತು. ಹಾಯೆನಿಸಿದ್ದಕ್ಕೆ ಇನ್ನೂ ನಾಚಿಕೆಯಾಯಿತು.

ಮೂರನೇ ಮಹಡಿ ತಲುಪಿ ಬಾಗಿಲ ಬೀಗ ತೆಗೆಯುವಾಗ ಮಗಳು ಕೇಳಿದಳು, "ಮಂಗಳವಾರ ಎಷ್ಟು ಗಂಟೆಗೆ?"

"ಐದೂವರೆಗೆ," ಅಂದರು ಮೇಷ್ಟ್ರು. "ಸ್ವಲ್ಪ ಮುಂಚೆ ಹೋದ್ರೆ ಒಳ್ಳೇದು."