ಪಿಂಚಣಿ ಕಾಗದದಲ್ಲಿಲ್ಲದ ಹೆಸರು

ತುಳುವರ ಆಟಿ ಅಮಾವಾಸ್ಯೆಯ ಬೆಳಿಗ್ಗೆ ಖಾಲಿ ಹೊಟ್ಟೆಗೆ ಹಾಲೆಮರದ ತೊಗಟೆಯ ಕಷಾಯ ಕುಡಿಯುವುದನ್ನು ಧರ್ಮಪಾಲರು ಸೈನ್ಯದಲ್ಲಿದ್ದ ಇಪ್ಪತ್ತೊಂದು ವರ್ಷಗಳನ್ನು ಬಿಟ್ಟರೆ ಎಂದೂ ತಪ್ಪಿಸಿದವರಲ್ಲ. 2015ರ ಆ ಶುಕ್ರವಾರವೂ ಮುಂಬಯಿ ಹೊರವಲಯದ ಡೊಂಬಿವಲಿಯ ತುಳು ಸಂಘದವರು ತೊಗಟೆ ತಂದುಕೊಟ್ಟಿದ್ದರು. ಹೆಂಡತಿ ನಳಿನಾಕ್ಷಿ ಅದನ್ನು ಅರೆದು ರಸ ತೆಗೆದು ಲೋಟದಲ್ಲಿ ಕೊಟ್ಟರು. ಮೂಗು ಹಿಡಿದು ಒಂದೇ ಗುಟುಕಿಗೆ ಮುಗಿಸಿ, ಮೇಲೆ ಮೆಂತೆಗಂಜಿ ಉಂಡು, ಧರ್ಮಪಾಲರು ಟಿವಿಯ ಮುಂದೆ ಕೂತರು. ಮರುದಿನ ಸ್ವಾತಂತ್ರ್ಯ ದಿನ.

ಟಿವಿಯಲ್ಲಿ ಕಂಡದ್ದನ್ನು ಅವರ ಕಣ್ಣು ನಂಬಲಿಲ್ಲ. ದಿಲ್ಲಿಯಲ್ಲಿ ಸಮಾನ ಪಿಂಚಣಿಗಾಗಿ ಎರಡು ತಿಂಗಳಿಂದ ಧರಣಿ ಕೂತಿದ್ದ ಮಾಜಿ ಸೈನಿಕರನ್ನು ಪೊಲೀಸರು ಎಬ್ಬಿಸುತ್ತಿದ್ದರು. ತಮ್ಮದೇ ವಯಸ್ಸಿನ ಒಬ್ಬರು, ಎದೆಯ ಮೇಲೆ ಪದಕಗಳ ಸಾಲು, ಅಂಗಿಯ ತೋಳು ಹರಿದಿದೆ. ಕ್ಯಾಮೆರಾದ ಮುಂದೆ ಏನೋ ಹೇಳಲು ಹೋಗಿ ಅತ್ತುಬಿಟ್ಟರು.

"ನಳಿನೀ! ಬಾ ಇಲ್ಲಿ, ನೋಡು! ಫೌಜಿಯ ಅಂಗಿ ಹರಿದ್ರು ಮಾರಾಯ್ತಿ!" ಧರ್ಮಪಾಲರು ಕೂಗಿದರು.

ಒಳಗೆ ಗ್ರೈಂಡರ್ ತಿರುಗುತ್ತಿತ್ತು. ಕಟ್ಟಡದ ಹದಿನಾರು ಮನೆಗಳಿಗೆ ನಳಿನಾಕ್ಷಿಯೇ ದೋಸೆಹಿಟ್ಟು ಕೊಡುವವರು. ಟಿವಿಯಲ್ಲಿ ದೇಶದ ವಿಚಾರ ಬರುವ ಹೊತ್ತಿಗೇ ಈ ಯಂತ್ರ ಏಕೆ ಗುಡುಗಬೇಕು ಎಂಬುದು ಧರ್ಮಪಾಲರ ಹಳೆಯ ದೂರು. "ಸರಕಾರ ಕೊಡುವ ಪಿಂಚಣಿ ಸಾಲದಾ? ನಿನಗೆ ಹೊತ್ತು ಹೋಗ್ಲಿಕ್ಕೆ ಇದೊಂದು ಆಟ" ಎಂದು ಅವರು ಗೊಣಗುವುದೂ, ನಳಿನಾಕ್ಷಿ ಕೇಳಿಸದವರಂತೆ ಹಿಟ್ಟು ತಿರುವುವುದೂ ಆ ಮನೆಯಲ್ಲಿ ಹೊಸತೇನಲ್ಲ.

ಧರ್ಮಪಾಲರು 1966ರಲ್ಲಿ ಸೈನ್ಯ ಸೇರಿ, ಎಪ್ಪತ್ತೊಂದರ ಯುದ್ಧ ಕಂಡು, ಎಂಬತ್ತೇಳರಲ್ಲಿ ಹವಾಲ್ದಾರನಾಗಿ ಹೊರಬಂದವರು. ಆಮೇಲೆ ಅರುವತ್ತು ತುಂಬುವವರೆಗೆ ರಬಾಳೆಯ ಒಂದು ಕಾರ್ಖಾನೆಯ ಗೇಟು ಕಾದರು. ಈಗ ಅವರ ಪೂರ್ಣಾವಧಿಯ ಕೆಲಸ ದೇಶದ ಚಿಂತೆ. ಮೊನ್ನೆ ನಿವೃತ್ತನಾದ ಹವಾಲ್ದಾರನಿಗೆ ಸಿಗುವ ಪಿಂಚಣಿಯೇ ಅದೇ ಕೆಲಸ ಮಾಡಿ ಎಂಬತ್ತೇಳರಲ್ಲಿ ಬಂದವನಿಗೂ ಸಿಗಬೇಕು. ಇದಿಷ್ಟನ್ನು ಕೊಡಲು ಬಂದ ಸರಕಾರಗಳೆಲ್ಲ ಏಕೆ ಮೀನಮೇಷ ಎಣಿಸುತ್ತವೆ? ಅವರು ಕೇಳುತ್ತಿದ್ದ ಪ್ರಶ್ನೆಯಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಅದನ್ನು ಹಾಲಿನವನಿಗೂ ಕೇಳುತ್ತಿದ್ದರು, ಲಿಫ್ಟಿನಲ್ಲಿ ಸಿಕ್ಕ ಮಕ್ಕಳಿಗೂ ಕೇಳುತ್ತಿದ್ದರು.

"ಮನೀಶ್, ನನಗೆ ದಿಲ್ಲಿಗೆ ಟಿಕೆಟ್ ಮಾಡು. ನಾನೂ ಕೂರ್ತೇನೆ ಅಲ್ಲಿ."

ಕೆಲಸಕ್ಕೆ ಹೊರಟಿದ್ದ ಮಗ ಬೂಟಿನ ದಾರ ಕಟ್ಟುತ್ತಾ, "ಪಪ್ಪಾ, ಬೀಪಿ ದೇಖೋ ಅಪ್ನಾ ಪೆಹಲೇ" ಎಂದು ಮೊದಲು ಬೀಪಿ ನೋಡಿಕೊಳ್ಳಲು ಹೇಳಿದ. ಆದರೂ ಸಂಜೆಯೊಳಗೆ ಟಿಕೆಟ್ ಮಾಡಿಸಿದ. ಒಂದು ವಾರ ಬಿಟ್ಟು ಹೊರಡುವುದೆಂದಾಯಿತು.

ಅದೇ ಸಂಜೆ ವಿಠ್ಠಲವಾಡಿಯಿಂದ ಸುಂದರಿ ಬಂದರು. ಅವರ ಗಂಡ ಜಯಶೀಲ ಧರ್ಮಪಾಲರ ಪಲ್ಟಣದವರೇ, ಒಂದೇ ಬ್ಯಾರಕಿನಲ್ಲಿ ಮಲಗಿದವರು. ಎದೆನೋವೆಂದು ಆಸ್ಪತ್ರೆಗೆ ಹೋದವರು ಹಿಂದೆ ಬರದೆ ತಿಂಗಳಾಗಿತ್ತು. ಸುಂದರಿ ಪ್ಲಾಸ್ಟಿಕ್ ಚೀಲ ತುಂಬ ಕಾಗದ ತಂದಿದ್ದರು.

"ಧರ್ಮಣ್ಣ, ಬ್ಯಾಂಕಿನವರು ಪಿಂಚಣಿ ನಿಲ್ಲಿಸಿದ್ರು. ನನಗೆ ಎಂತದೂ ಬರುವುದಿಲ್ಲ ಅಂತೆ."

"ಯಾರು ಹೇಳಿದ್ದು ಹಾಗೆ? ಫೌಜಿಯ ಹೆಂಡತಿಗೆ ಅರ್ಧಕ್ಕರ್ಧ ತಾನಾಗಿಯೇ ಬರ್ತದೆ. ಕೊಡದೆ ಎಲ್ಲಿಗೆ ಹೋಗ್ತಾರೆ? ಸೋಮವಾರ ನಾನೇ ಬರ್ತೇನೆ. ನೀನು ಮಾತಾಡ್ಬೇಡ, ನಾನು ಮಾತಾಡ್ತೇನೆ" ಎಂದು ಧರ್ಮಪಾಲರು ಮೀಸೆ ಸವರಿಕೊಂಡರು. ಚಹಾ ತಂದ ನಳಿನಾಕ್ಷಿ ಒಂದು ಕ್ಷಣ ಗಂಡನ ಮುಖವನ್ನೇ ನೋಡಿ ಒಳಗೆ ಹೋದರು.

ಸೋಮವಾರ ಧರ್ಮಪಾಲರು ಕೋಟಿಗೆ ಪದಕ ಚುಚ್ಚಿಕೊಂಡೇ ವಿಠ್ಠಲವಾಡಿಯ ಬ್ಯಾಂಕಿಗೆ ಹೋದರು, ಸುಂದರಿ ಬಾಗಿಲಲ್ಲೇ ಕಾಯುತ್ತಿದ್ದರು. ಜಗಳಕ್ಕೆ ಬೇಕಾದ ಮಾತುಗಳನ್ನು ರೈಲಿನಲ್ಲೇ ಹೊಂದಿಸಿಟ್ಟುಕೊಂಡಿದ್ದರು. ಅಲ್ಲಿನ ಅಧಿಕಾರಿ ಜ್ಯೋತ್ಸ್ನಾ ಎಂಬ ಮರಾಠಿ ಹುಡುಗಿ ಎದ್ದು ನಿಂತು ಕುರ್ಚಿ ತೋರಿಸಿದಾಗ ಅರ್ಧ ಮಾತು ಅಲ್ಲೇ ಉದುರಿಹೋಯಿತು. ಅವಳು ಜಯಶೀಲರ ಪಿಂಚಣಿ ಆದೇಶವನ್ನು ಮೇಜಿನ ಮೇಲೆ ಬಿಡಿಸಿ, ಕೆಳಗಿನ ಒಂದು ಸಾಲಿನ ಮೇಲೆ ಬೆರಳಿಟ್ಟಳು.

"ಕಾಕಾ, ಬಾಯಕೋಚಂ ನಾವ ಕುಠೇ ಆಹೇ?"

ಹೆಂಡತಿಯ ಹೆಸರೆಲ್ಲಿದೆ? ಧರ್ಮಪಾಲರು ಕನ್ನಡಕ ಏರಿಸಿ ನೋಡಿದರು. ಸಾಲು ಖಾಲಿಯಿತ್ತು. ವಾರಸುದಾರರ ಕಡೆ ಜಯಶೀಲರ ತಾಯಿಯ ಹೆಸರಿತ್ತು. ಆಕೆ ತೀರಿಕೊಂಡೇ ಇಪ್ಪತ್ತು ವರ್ಷ.

"ಕಾಗದದ ಪ್ರಕಾರ ಇವರಿಗೆ ಮದುವೆಯೇ ಆಗಿಲ್ಲ, ಕಾಕಾ" ಎಂದಳು ಹುಡುಗಿ, ತಾನೇ ತಪ್ಪು ಮಾಡಿದವಳಂತೆ ಮೆಲ್ಲಗೆ. "ಎಷ್ಟೋ ಹಳಬರದ್ದು ಹೀಗೇ ಇದೆ. ಬದುಕಿರುವಾಗ ಗಂಡ ಹೆಂಡತಿ ಒಟ್ಟಿಗೆ ಅರ್ಜಿ ಕೊಟ್ಟು ಹೆಸರು ಸೇರಿಸಬೇಕಿತ್ತು. ಈಗ ಈ ಮೌಶಿ ತಾನು ಅವರ ಹೆಂಡತಿ ಎಂದು ಸೈನ್ಯದ ರೆಕಾರ್ಡ್ ಆಫೀಸಿಗೆ ಸಾಬೀತು ಮಾಡಬೇಕು."

"ಮೂರು ಮಕ್ಕಳನ್ನು ಹೆತ್ತಿದ್ದೇನೆ ನಾನು" ಎಂದರು ಸುಂದರಿ. ಯಾರಿಗೆ ಹೇಳಬೇಕೆಂದು ತಿಳಿಯದೆ ಗೋಡೆಗೆ ಹೇಳಿದರು. "ಮೂರು ಮಕ್ಕಳು."

ಧರ್ಮಪಾಲರು ಸುತ್ತ ನೋಡಿದರು. ಬೈಯಲು ಹುಡುಕಿದರೆ ಆ ಕೋಣೆಯಲ್ಲಿ ಒಬ್ಬ ತಪ್ಪಿತಸ್ಥನೂ ಇರಲಿಲ್ಲ. ತಪ್ಪಿತಸ್ಥ ತಿಂಗಳ ಹಿಂದೆ ಸುಟ್ಟು ಬೂದಿಯಾಗಿದ್ದ, ಅವನು ತನ್ನ ಜೀವದ ಗೆಳೆಯ.

ವಾಪಸು ಬರುವಾಗ ರೈಲಿನಲ್ಲಿ ಯಾರೋ ಎದ್ದು ಸೀಟು ಕೊಟ್ಟರೂ ಅವರು ಕೂರಲಿಲ್ಲ. ಕಲ್ಯಾಣ ದಾಟುವಷ್ಟರಲ್ಲಿ ಅವರಲ್ಲಿ ಒಂದೇ ಪ್ರಶ್ನೆ ಉಳಿದಿತ್ತು. ತನ್ನ ಪಿಂಚಣಿ ಆದೇಶದಲ್ಲಿ ಏನಿದೆ?

ಮನೆಗೆ ಬಂದವರು ಕೋಟು ಸಹ ಕಳಚದೆ ಅಟ್ಟದಿಂದ ಕಪ್ಪು ಟ್ರಂಕನ್ನು ಇಳಿಸಿದರು. ಇಪ್ಪತ್ತೆಂಟು ವರ್ಷಗಳಲ್ಲಿ ಆ ಆದೇಶದ ಒಂದೇ ಒಂದು ಸಾಲನ್ನು, ಮೊತ್ತ ಬರೆದಿದ್ದ ಸಾಲನ್ನು, ಅವರು ನೂರು ಸಲ ಓದಿದ್ದರು. ಉಳಿದದ್ದನ್ನು ಓದುವ ಅಗತ್ಯ ಕಂಡಿರಲಿಲ್ಲ. ಈಗ ಬೆರಳಿಟ್ಟು ಓದಿದರು. ಹೆಂಡತಿ: ಖಾಲಿ. ವಾರಸುದಾರರು: ಮೋಹಿನಿ, ಅಕ್ಕ.

ಅವರು ನೆಲದ ಮೇಲೆಯೇ ಕೂತುಬಿಟ್ಟರು. ಮಂಗಳೂರಿನಲ್ಲಿ ಭರ್ತಿಯಾದ ದಿನ ನೆನಪಾಯಿತು. ಹದಿನೆಂಟರ ಹುಡುಗನ ಜೊತೆ ಸೋದರಮಾವ ಬಂದಿದ್ದರು. ಅಳಿಯಸಂತಾನದ ಮನೆ, ಕುಟುಂಬ ಮುಂದುವರಿಯುವುದು ಅಕ್ಕನ ಹೊಟ್ಟೆಯಿಂದ. "ವಾರಸುದಾರರು ಅಕ್ಕ ಅಂತಲೇ ಬರೆಸು" ಎಂದು ಮಾವ ಹೇಳಿದ್ದರು, ಗುಮಾಸ್ತ ಬರೆದುಕೊಂಡಿದ್ದ. ಒಂಬತ್ತು ವರ್ಷದ ಮೇಲೆ ಇಪ್ಪತ್ತು ದಿನದ ರಜೆಯಲ್ಲಿ ಮದುವೆ. ಹೆಂಡತಿಯನ್ನು ಊರಿನಲ್ಲಿ ಅಕ್ಕನ ಜೊತೆಗೇ ಬಿಟ್ಟು ಪಲ್ಟಣಕ್ಕೆ ಮರಳಿದವರು, ಮದುವೆಯ ವಿಷಯ ಬರೆಸುವುದನ್ನು ಮುಂದಿನ ರಜೆಗೆ ಎಂದು ಮುಂದೂಡಿದರು. ಹಾಗೆ ಮುಂದೂಡಿದ್ದು ನಲುವತ್ತು ವರ್ಷವಾಗಿತ್ತು.

ಸದ್ದು ಕೇಳಿ ನಳಿನಾಕ್ಷಿ ಬಂದರು. ತೆರೆದ ಟ್ರಂಕು, ಕೈಯಲ್ಲಿ ಕಾಗದ, ಗಂಡನ ಮುಖ. ಸೆರಗಿನಿಂದ ಕೈಗೆ ಮೆತ್ತಿದ ಹಿಟ್ಟು ಒರೆಸಿಕೊಳ್ಳುತ್ತಾ ಬಾಗಿಲಲ್ಲೇ ನಿಂತರು.

"ನಳಿನೀ, ಇದರಲ್ಲಿ ನಿನ್ನ ಹೆಸರು ಇಲ್ಲ" ಎಂದರು ಧರ್ಮಪಾಲರು.

"ಗೊತ್ತುಂಟು."

"ಎಂತ?"

"ಗೊತ್ತುಂಟು ಅಂದೆ. ಎಂಬತ್ತಮೂರರಲ್ಲಿ ಊರಿನಲ್ಲಿ ನೀರಿನ ವಿಷಯಕ್ಕೆ ಮೋಹಿನಿ ಅತ್ತಿಗೆಗೂ ನನಗೂ ಮಾತು ಬಂದಿತ್ತು. ಆಗ ಅವರೇ ಹೇಳಿದ್ರು, ನನ್ನ ತಮ್ಮನ ಸರಕಾರಿ ಕಾಗದದಲ್ಲಿ ಇರುವುದು ನನ್ನ ಹೆಸರು, ನಿನ್ನದಲ್ಲ ಅಂತ."

ಧರ್ಮಪಾಲರು ಕಾಗದ ಕೆಳಗಿಟ್ಟರು. "ಮೂವತ್ತೆರಡು ವರ್ಷ! ಮೂವತ್ತೆರಡು ವರ್ಷ ನೀನು ಒಂದು ಮಾತು ಕೇಳ್ಲಿಲ್ಲ ಯಾಕೆ?"

"ಕೇಳಿದ್ರೆ ನೀವು, ಹೌದು, ಬೇಕಂತಲೇ ಮಾಡಿದ್ದು ಅಂತ ಹೇಳಿದ್ರೆ?" ನಳಿನಾಕ್ಷಿ ಸ್ವರ ಏರಿಸಲಿಲ್ಲ. "ಕೇಳದೆ ಇದ್ರೆ, ಮರೆತಿರಬಹುದು ಅಂತ ಅಂದ್ಕೊಳ್ಳಿಕ್ಕಾದ್ರೂ ಆಗ್ತದೆ. ಹಾಗೇ ಅಂದ್ಕೊಂಡು ಬದುಕಿದೆ. ಇಲ್ಲಿಗೆ ಬಂದ ವರ್ಷವೇ ಗ್ರೈಂಡರ್ ತಗೊಂಡೆ. ನಿಮಗೆ ಏನಾದ್ರೂ ಆದ್ರೆ ಯಾರ ಮುಂದೆಯೂ ಕೈ ಚಾಚಬಾರದಲ್ಲ. ನೀವು ಅದನ್ನು ಆಟ ಅಂದ್ರಿ. ಇರ್ಲಿ ಅಂತ ಸುಮ್ಮನಾದೆ."

"ಮಾವ ಬರೆಸಿದ್ದು ಮಾರಾಯ್ತಿ, ನನಗೆ ಆಗ ಹದಿನೆಂಟು! ಮತ್ತೆ ಈ ಸರಕಾರ... ಸರಕಾರದವರು ಒಮ್ಮೆಯಾದ್ರೂ ಕೇಳ್ಬೇಕಿತ್ತಲ್ಲ?"

"ನಮಗೆ ಮದುವೆ ಆದದ್ದು ಸರಕಾರಕ್ಕೆ ಯಾರು ಹೇಳ್ಬೇಕಿತ್ತು?"

ಧರ್ಮಪಾಲರು ತಲೆ ತಗ್ಗಿಸಿದರು. ದೇಶ ತನಗೆ ಮಾಡಿದ ಅನ್ಯಾಯವನ್ನು ದಿನವೂ ಎಣಿಸುತ್ತಿದ್ದವನು ತಾನು. ಅದೇ ಹೊತ್ತಿಗೆ, ಅದೇ ಮನೆಯಲ್ಲಿ, ಒಬ್ಬಳು ಮುಂದಿನ ವಿಧವೆಯ ಬದುಕಿಗಾಗಿ ಇಪ್ಪತ್ತೆಂಟು ವರ್ಷದಿಂದ ಅಕ್ಕಿ ರುಬ್ಬುತ್ತಿದ್ದಳು. ಅವರಿಗೆ ನಾಚಿಕೆಯಾಯಿತು. "ಬೇಕಂತ ಮಾಡಿದ್ದಲ್ಲ ನಳಿನೀ" ಎಂದರು.

"ಈಗ ಗೊತ್ತಾಯ್ತು" ಎಂದರು ನಳಿನಾಕ್ಷಿ. ಕಣ್ಣು ತುಂಬಿತ್ತು. "ನಿಮ್ಮ ಮುಖ ನೋಡಿ ಗೊತ್ತಾಯ್ತು."

ಮರುದಿನ ಧರ್ಮಪಾಲರು ಮಗನಿಗೆ ಹೇಳಿ ದಿಲ್ಲಿಯ ಟಿಕೆಟ್ ರದ್ದು ಮಾಡಿಸಿದರು. ಭಾನುವಾರ ಮಾಜಿ ಸೈನಿಕರು ಸೇರುವ ಉದ್ಯಾನದಲ್ಲಿ ಇದನ್ನೂ, ಹೆಂಡತಿಯ ಹೆಸರು ಸೇರಿಸಲು ಜೋಡಿ ಫೋಟೋ ತೆಗೆಸಿ ಥಾಣೆಯ ಕಚೇರಿಗೆ ಹೋಗಲಿರುವುದನ್ನೂ ಹೇಳಿದಾಗ ಕಲಬುರಗಿ ಕಡೆಯ ಯಂಕಪ್ಪ ಸಿಡಿದರು.

"ಅಲ್ರೀ ಹವಾಲ್ದಾರ್ರ, ಅಲ್ಲಿ ನಮ್ಮ ಮಂದಿ ಅಂಗಿ ಹರದಾರ, ನೀವು ಇಲ್ಲಿ ಹೆಂಡ್ತಿ ಕೂಡ ಫೋಟೋ ತಗಸ್ಕೋತ ಕುಂತೀರೇನು? ಇದು ಹೋರಾಟದ ಟೈಮ್ ಐತ್ರೀ!"

"ಹೋರಾಟ ಸರಿಯೇ ಯಂಕಪ್ಪನವರೇ, ನಾನು ಅದನ್ನು ಬಿಟ್ಟಿಲ್ಲ. ಹೆಚ್ಚಿನ ಪಿಂಚಣಿ ಬರ್ಲಿ. ಆದ್ರೆ ನಾವು ಸತ್ತ ಮರುದಿನ ಅದು ಯಾರಿಗೆ ಬರ್ತದೆ ಅಂತ ಒಮ್ಮೆ ಮನೆಗೆ ಹೋಗಿ ನೋಡಿ. ಜಯಶೀಲನ ಹೆಂಡತಿಗೆ ಏನೂ ಬರಲಿಲ್ಲ. ನನ್ನ ಹೆಂಡತಿಗೂ ಬರ್ತಿರಲಿಲ್ಲ."

ಒಬ್ಬಿಬ್ಬರು ಗಡಿಯಾರ ನೋಡಿಕೊಂಡು ಎದ್ದುಹೋದರು. ಮರುದಿನ ಬೆಳಿಗ್ಗೆ ಆರು ಗಂಟೆಗೇ ಯಂಕಪ್ಪನ ಫೋನು ಬಂತು. ನಿನ್ನೆಯ ಗತ್ತು ಆ ಸ್ವರದಲ್ಲಿರಲಿಲ್ಲ. "ನಂದೂ ಖಾಲಿ ಐತ್ರೀ" ಎಂದರು. "ಆ ಕಚೇರಿ ಠಾಣಾದಾಗ ಎಲ್ಲಿ ಬರ್ತದ, ಸ್ವಲ್ಪ ಹೇಳ್ರಿ."

ಥಾಣೆಯ ಸೈನಿಕ ಕಲ್ಯಾಣ ಕಚೇರಿಗೆ ಧರ್ಮಪಾಲರು ನಳಿನಾಕ್ಷಿಯನ್ನೂ ಸುಂದರಿಯನ್ನೂ ಕರೆದುಕೊಂಡು ಹೋದದ್ದು ಬುಧವಾರ. ಜೋಡಿ ಫೋಟೋ ತೆಗೆಸಿಯಾಗಿತ್ತು. ಈಕೆ ನನ್ನ ಹೆಂಡತಿ ಎಂದು ನಲುವತ್ತು ವರ್ಷದ ಮೇಲೆ ನೋಟರಿಯ ಮುಂದೆ ಪ್ರಮಾಣವನ್ನೂ ಮಾಡಿಯಾಗಿತ್ತು. ಅಲ್ಲಿನ ಗುಮಾಸ್ತರೂ ನಿವೃತ್ತ ಸೈನಿಕರೇ. ಧರ್ಮಪಾಲರ ಅರ್ಜಿಗೆ ಎರಡು ಸಹಿ ಸಾಕು ಎಂದರು. ಸುಂದರಿಯದ್ದಕ್ಕೆ ಪಂಚಾಯತಿಯ ಪತ್ರ, ಸಾಕ್ಷಿದಾರರು, ಮಕ್ಕಳ ಜನನ ಪ್ರಮಾಣಪತ್ರ ಎಲ್ಲ ಬೇಕು, ಆರು ತಿಂಗಳಾದರೂ ಹಿಡಿಯುತ್ತದೆ, ಆದರೆ ಆಗುತ್ತದೆ ಎಂದರು.

"ಮೌಶಿ, ಇಥೇ ಸಹೀ ಕರಾ" ಎಂದು ಗುಮಾಸ್ತರು ಅರ್ಜಿಯನ್ನು ನಳಿನಾಕ್ಷಿಯ ಮುಂದೆ ಸರಿಸಿದರು. ಧರ್ಮಪಾಲರು ಅಭ್ಯಾಸಬಲದಿಂದ, "ಹ್ಞಾ, ಇಲ್ಲಿ ಹಾಕು" ಎಂದು ಬೆರಳು ತೋರಿಸಿದರು.

ನಳಿನಾಕ್ಷಿ ಪೆನ್ನನ್ನು ಕೆಳಗಿಟ್ಟರು. "ಇದರಲ್ಲಿ ಎಂತ ಬರೆದಿದೆ? ಓದಿ."

"ಎಲ್ಲಾನಾ?"

"ಎಲ್ಲ."

ಹಿಂದೆ ಸಾಲಿನಲ್ಲಿದ್ದವರು ಗೊಣಗಿದರು. ಧರ್ಮಪಾಲರು ಅತ್ತ ತಿರುಗಿ ನೋಡಲಿಲ್ಲ. ಇಂಗ್ಲಿಷಿನಲ್ಲಿದ್ದ ಅರ್ಜಿಯನ್ನು ಒಂದೊಂದೇ ಸಾಲು ಓದಿ, ಒಂದೊಂದನ್ನೂ ತುಳುವಿನಲ್ಲಿ ಹೇಳುತ್ತಾ ಹೋದರು. ಕೊನೆಯ ಪ್ಯಾರಾಕ್ಕೆ ಬಂದಾಗ ತಡವರಿಸಿದರು.

"ಯಾಕೆ ನಿಂತ್ರಿ?"

"ಪಿಂಚಣಿದಾರನು ತೀರಿಕೊಂಡ ಮೇಲೆ... ಮೇಲೆ ಹೆಸರಿಸಿದ ಅವನ ಹೆಂಡತಿಗೆ, ಅವಳ ಜೀವಮಾನವಿಡೀ..."

ನಳಿನಾಕ್ಷಿ ಆ ಸಾಲಿನ ಮೇಲೆ ಬೆರಳಿಟ್ಟರು. "ಮೊದಲಿನ ಅರ್ಧಕ್ಕೆ ನನ್ನ ಒಪ್ಪಿಗೆ ಇಲ್ಲ" ಎಂದರು. ಆಮೇಲೆ ಕನ್ನಡದಲ್ಲಿ, ಅಕ್ಷರ ಅಕ್ಷರ ಬಿಡಿಸಿ, ತಮ್ಮ ಪೂರ್ತಿ ಹೆಸರು ಬರೆದರು. ಗುಮಾಸ್ತರು ಮುದ್ರೆ ಒತ್ತಿ ಕೊಟ್ಟ ಪ್ರತಿಗೆ ಧರ್ಮಪಾಲರು ಕೈ ನೀಡಿದವರು, ಏನೋ ಹೊಳೆದು ಕೈ ಹಿಂದೆಗೆದುಕೊಂಡರು. ನಳಿನಾಕ್ಷಿ ಅದನ್ನು ಮಡಚಿ ತಮ್ಮ ಕೈಚೀಲದಲ್ಲಿಟ್ಟುಕೊಂಡರು.

ಪಕ್ಕದ ಬೆಂಚಿನಲ್ಲಿ ಕೂತಿದ್ದ ಸುಂದರಿ ಇದನ್ನೆಲ್ಲ ನೋಡುತ್ತಿದ್ದರು. ಅವರ ಅರ್ಜಿಯಲ್ಲಿ ಸಹಿ ಆಗಲೇ ಆಗಿತ್ತು. ಧರ್ಮಪಾಲರೇ ಸ್ವಲ್ಪ ಮುಂಚೆ ಅವಸರದಲ್ಲಿ ಬೆರಳು ತೋರಿಸಿ ಹಾಕಿಸಿದ್ದರು. ಸುಂದರಿ ಎದ್ದು ಬಂದು ಆ ಕಾಗದವನ್ನು ಅವರ ಮುಂದೆ ಹಿಡಿದರು.

"ಅಣ್ಣ, ನನ್ನದನ್ನೂ ಒಮ್ಮೆ ಓದಿ ಹೇಳಿ" ಎಂದರು. "ಅವರು ಇರುವಾಗ ಯಾರೂ ಓದಿ ಹೇಳ್ಲಿಲ್ಲ."

ಧರ್ಮಪಾಲರು ಕುರ್ಚಿ ಎಳೆದು ಸುಂದರಿಯನ್ನು ಕೂರಿಸಿದರು. ಕನ್ನಡಕ ಒರೆಸಿಕೊಂಡು, ಮೊದಲ ಸಾಲಿನಿಂದ ಓದತೊಡಗಿದರು.