ದೀಪಕ್ಕೊಂದು ಟೊಪ್ಪಿ

ಕಳ್ಳರ ಭಯಕ್ಕೆ ಟೈಲರ್ ತನ್ನ ಅಂಗಳದ ಕಂಬಕ್ಕೆ ದೊಡ್ಡ ಫ್ಲಡ್‌ಲೈಟ್ ಹಾಕಿಸಿದ. ಬೀದಿಗೆಲ್ಲ ಬೆಳಕಾಗಲಿ ಎಂದು ಅದರ ಮೂತಿಯನ್ನು ಮೇಲಕ್ಕೆ ತಿರುಗಿಸಿದ. ಅಂದಿನಿಂದ ಅಕ್ಕಪಕ್ಕದವರಿಗೆ ನಿದ್ದೆಯಿಲ್ಲ. ಒಬ್ಬೊಬ್ಬರಾಗಿ ಬಂದು ಕಿಟಕಿಗೆ ದಪ್ಪ ಪರದೆ ಹೊಲಿಸಿಕೊಂಡು ಹೋದರು. ಟೈಲರ್‌ಗೆ ಖುಷಿಯೋ ಖುಷಿ. ಆ ಪರದೆಗಳಿಗೂ ತನ್ನ ದೀಪಕ್ಕೂ ನಂಟಿದೆಯೆಂದು ಪುಣ್ಯಾತ್ಮನಿಗೆ ಹೊಳೆಯಲೇ ಇಲ್ಲ.

ಒಂದು ಸಂಜೆ ಮಗಳು ಅಂಗಳದಿಂದ ಸಪ್ಪೆ ಮೋರೆ ಹಾಕಿಕೊಂಡು ಒಳಗೆ ಬಂದಳು. ಸಪ್ತರ್ಷಿ ಮಂಡಲವನ್ನು ಆಕಾಶದಲ್ಲಿ ನೋಡಿ ಬರೆದು ತರಬೇಕೆಂದು ಶಾಲೆಯಲ್ಲಿ ಹೇಳಿದ್ದರು. ಹಾಳೆಯ ಮೇಲಿದ್ದದ್ದು ಎರಡೇ ಚುಕ್ಕಿ.

“ಉಳಿದ ಐದು ಎಲ್ಲಿ ಪುಟ್ಟಿ?”

“ಕಾಣಿಸ್ತಿಲ್ಲಪ್ಪ.”

“ಅಷ್ಟೇನಾ! ಪುಸ್ತಕ ನೋಡ್ಕೊಂಡು ಬರೆದುಬಿಡು.”

“ನೋಡದೇನೇ ನೋಡ್ದೆ ಅಂದ್ರೆ ಸುಳ್ಳಾಗಲ್ವಾ?”

ಗಿರಾಕಿಗಳಿಗೆಲ್ಲ ‘ನಾಳೆ ಖಂಡಿತ ಕೊಡ್ತೀನಿ’ ಎಂದು ಸಲೀಸಾಗಿ ಹೇಳುವ ಮನುಷ್ಯ ಕಿಟಕಿಯಿಂದ ತಲೆ ಹೊರಹಾಕಿ ತಾನೇ ಚುಕ್ಕಿ ಹುಡುಕತೊಡಗಿದ.

ಅಷ್ಟರಲ್ಲಿ ಎದುರುಮನೆಯ ಎಲೆಕ್ಟ್ರಿಷಿಯನ್ ಹೆಂಗಸು ತನ್ನ ಪರದೆ ಒಯ್ಯಲು ಬಂದಳು. ಬೀದಿಯವರಿಗೆಲ್ಲ ಆಕೆ ಕರೆಂಟಕ್ಕ.

“ಚುಕ್ಕಿಗಳು ಎಲ್ಲೂ ಹೋಗಿಲ್ಲ ಟೈಲರಣ್ಣ. ನಿಮ್ಮ ದೀಪ ಆಕಾಶಕ್ಕೆ ಸುಣ್ಣ ಬಳಿದುಬಿಟ್ಟಿದೆ. ರಾತ್ರಿ ಹಾರೋ ಹಕ್ಕಿಗೂ ದಾರಿ ತಪ್ಪುತ್ತೆ, ನಮಗೂ ನಿದ್ದೆಗೇಡು.”

“ಸುಮ್ನಿರಕ್ಕ! ದೀಪ ಆರಿಸಿದ್ರೆ ಕಳ್ಳರಿಗೆ ಹಬ್ಬ.”

“ಹೌದಾ? ಬನ್ನಿ, ಕಾವಲು ಕಾಯಿರಿ. ನಾನೇ ಕಳ್ಳಿ.”

ಟೈಲರ್ ಅಂಗಳಕ್ಕಿಳಿದು, ಹುಬ್ಬಿಗೆ ಕೈ ಅಡ್ಡ ಹಿಡಿದು, ದೀಪದ ಕಡೆ ಕಣ್ಣು ಕಿರಿದು ಮಾಡಿ ನಿಂತ. ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ನಿಂತಿದ್ದ ಹೆಂಡತಿ ಕಿಸಕ್ಕನೆ ನಕ್ಕಳು.

“ರೀ, ಒಣಗಿಹಾಕಿದ್ದ ನಿಮ್ಮ ಅಂಗಿ ಎಲ್ಲಿ?”

ಅಂಗಿ ಕರೆಂಟಕ್ಕನ ಹೆಗಲ ಮೇಲಿತ್ತು! ಕಂಬದ ಹಿಂದಿನ ಕತ್ತಲಲ್ಲಿ ಆಕೆ ಅದನ್ನು ಬಟ್ಟೆ ಒಣಗುವ ಹಗ್ಗದಿಂದ ನಿಧಾನವಾಗಿ ಎಳೆದುಕೊಂಡದ್ದು ಅವನ ಕೋರೈಸಿದ ಕಣ್ಣಿಗೆ ಬಿದ್ದೇ ಇರಲಿಲ್ಲ.

“ನೋಡಿದ್ರಾ? ದೀಪ ಬೇಡ ಅಂತಿಲ್ಲ. ಬಾಗಿಲಿಗೆ, ಮೆಟ್ಟಿಲಿಗೆ ಬೇಕು, ಮೋಡಕ್ಕೆ ಯಾಕೆ? ಮುಖ ನೆಲಕ್ಕಿರಲಿ, ಮೇಲೊಂದು ಮರೆಯಿರಲಿ. ಚಿಕ್ಕ ಹಳದಿ ಬಲ್ಬ್ ಸಾಕು. ಕೆಲಸ ಮುಗಿದ ಮೇಲೆ ಆರಿಸಿಬಿಡಿ.”

ಮರುದಿನ ಕರೆಂಟಕ್ಕ ಫ್ಲಡ್‌ಲೈಟ್ ಇಳಿಸಿ, ಅದರ ಜಾಗಕ್ಕೆ ಚಿಕ್ಕ ದೀಪ ತಂದಳು. ಟೈಲರ್ ಕೊರಳಿನ ಟೇಪು ತೆಗೆದು, ಗಿರಾಕಿಯ ತಲೆ ಅಳೆಯುವಂತೆ ಅದರ ಸುತ್ತಳತೆ ತೆಗೆದುಕೊಂಡ. ಮರೆ ಹೊಲಿಯಲೆಂದು ಬಟ್ಟೆಗೂ ಕೈ ಹಾಕಿದ.

“ಅಯ್ಯೋ, ಸುಟ್ಟುಹೋದೀತು! ತಗಡು ತಗೊಳ್ಳಿ ಮಾರಾಯ್ರೇ!” ಎಂದು ಕರೆಂಟಕ್ಕ ಗದರಿದಳು.

“ಗಿರಾಕಿಗಳಿಗೆ ಟೊಪ್ಪಿ ಹಾಕಿದ್ದು ಸಾಲದು ಅಂತ ಈಗ ದೀಪಕ್ಕೂ!” ಎಂದಳು ಹೆಂಡತಿ.

ತಗಡಿನ ಟೊಪ್ಪಿ ಹೊತ್ತು ದೀಪ ತಲೆ ತಗ್ಗಿಸಿತು. ಟೈಲರ್ ಅಷ್ಟಕ್ಕೇ ಬಿಡಲಿಲ್ಲ. ಪರದೆ ಒಯ್ದವರ ಮನೆಮನೆಗೆ ಹೋಗಿ, ಅವರ ಹೊರದೀಪಗಳನ್ನೂ ನೆಲಕ್ಕೆ ತಿರುಗಿಸುವಂತೆ ಒಪ್ಪಿಸಿ ಬಂದ.

ಸಂಜೆ ಕತ್ತಲಿಳಿಯಿತು. ಬೀದಿಯ ಕಿಟಕಿಗಳ ಪರದೆಗಳು ಒಂದೊಂದಾಗಿ ಸರಿದವು. ಮಗಳು ಬೆರಳು ಚಾಚಿ ಎಣಿಸುತ್ತಾ ಹೋದವಳು, “ಏಳೂ ಇವೆ ಅಪ್ಪಾ!” ಎಂದು ಕುಣಿದಳು. ಟೈಲರ್ ತಲೆ ಎತ್ತಿದ. ಹೊಲಿಗೆಯ ಮೇಲೆ ಬಗ್ಗಿ ಬಗ್ಗಿ ಜಡ್ಡುಗಟ್ಟಿದ ಕತ್ತು ಲಟಕ್ಕೆಂದಿತು. ಆದರೂ ಇಳಿಸಲು ಮನಸ್ಸಾಗಲಿಲ್ಲ.

“ಈಗ ಬರೀಲಾ ಅಪ್ಪ?”

“ನಿಧಾನಕ್ಕೆ ಬರಿ ಪುಟ್ಟಿ. ನಾನೂ ನೋಡ್ತಾ ಇರ್ತೀನಿ.”

ಇಂದು ಸಂಜೆ ನೀವೂ ನಿಮ್ಮ ಹೊರದೀಪವನ್ನು ಒಮ್ಮೆ ನೋಡಿ. ಅದು ನಿಮ್ಮ ಹೆಜ್ಜೆಗೆ ಬೆಳಕಾಗುತ್ತಿದೆಯೋ, ಆಕಾಶಕ್ಕೆ ಸುಣ್ಣ ಬಳಿಯುತ್ತಿದೆಯೋ? ಮೂತಿ ಕೆಳಗಿಳಿಸಿ, ಟೊಪ್ಪಿ ತೊಡಿಸಿ, ಬೇಡದಾಗ ಆರಿಸಿ. ಆಮೇಲೆ ಮಕ್ಕಳನ್ನು ಅಂಗಳಕ್ಕೆ ಕರೆಯಿರಿ.