ಕಿಟಕಿಯ ದಾರ

ನೊರೆ ಒಂದು ಪಟ್ಟಿಯಿಂದ ಇನ್ನೊಂದು ಪಟ್ಟಿಗೆ ಇಳಿಯುತ್ತಿದೆ, ಮೇಲೆ ಬಿಳಿ, ನಡುವೆ ಬೂದು, ಕೆಳಗೆ ಬಂದಾಗ ಥೇಟ್ ಚಹಾದ ಬಣ್ಣ — ಅಬ್ಬಬ್ಬಾ ಏನು ಧೂಳಪ್ಪಾ ಇದು, ಈ ವಾಕಡ ಬಡಾವಣೆಯ ಅರ್ಧ ಮಣ್ಣು ತಮ್ಮ ಮನೆಯ ಕಿಟಕಿಯ ಬ್ಲೈಂಡಿನ ಮೇಲೆಯೇ ಬಂದು ಕೂತಿದೆಯೇನೋ, ಸುತ್ತ ನಾಲ್ಕೂ ಕಡೆ ಕಟ್ಟಡ ಏಳುತ್ತಿದ್ದರೆ ಇನ್ನೇನಾದೀತು, ಬಾಗಿಲಲ್ಲಿ ಗುಡಿಸಿ ಹಾಕಿದರೆ ಕಿಟಕಿಯಲ್ಲಿ ಒಳಗೆ ಬರುತ್ತದೆ, ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷಿಯಲ್ಲಿ ಅಂತ ಹಿರಿಯರು ಸುಮ್ಮನೆ ಹೇಳಿಲ್ಲ. ಶೈಲಶ್ರೀ ಬಲಗೈಗೆ ಗಂಡನ ಹಳೆಯ ಕಾಲುಚೀಲ ತೊಟ್ಟುಕೊಂಡು ಒಂದೊಂದೇ ಪಟ್ಟಿಯನ್ನು ಬೆರಳುಗಳ ನಡುವೆ ಹಿಡಿದು ಎಳೆಯುತ್ತಾಳೆ, ಮೆತ್ತಗೆ, ಜೋರು ಮಾಡಿದರೆ ಅಲ್ಯೂಮಿನಿಯಂ ಮಣಿಯುತ್ತದೆ, ಒಮ್ಮೆ ಮಣಿದದ್ದು ಮತ್ತೆ ನೆಟ್ಟಗಾಗುವುದಿಲ್ಲ. ಹಾಲ್‌ನ ದೊಡ್ಡ ಬ್ಲೈಂಡು ಟೆರೇಸಿನ ತಂತಿಗೆ ನೇತುಬಿದ್ದು ಗಾಳಿಗೆ ಕಟಕಟ ಅನ್ನುತ್ತಿದೆ, ಬಾಲ್ಕನಿಯಲ್ಲೇ ತೊಳೆಯಬಹುದಿತ್ತು, ಆದರೆ ಕೆಳಗಿನವರ ಒಗೆದ ಬಟ್ಟೆಯ ಮೇಲೆ ಹೊಲಸು ನೀರು ಬಿದ್ದರೆ ಸೊಸೈಟಿಯ ಮೀಟಿಂಗಿನಲ್ಲಿ ಮರಾಠಿಯಲ್ಲಿ ಮಂಗಳಾರತಿ. ಪೇಠೆಯ ವಾಡೆಯಲ್ಲಿ, ಆ ಹಳೆಯ ವಠಾರದ ಎರಡು ಕೋಣೆಯೊಳಗೆ ಇದ್ದಾಗ ಈ ಉಸಾಬರಿಯೇ ಇರಲಿಲ್ಲ, ಪಡದೆ ಅಂದರೆ ಹಳೆಯ ಇಳಕಲ್ ಸೀರೆ, ಕುಸುಬಿ ಒಗೆದರೆ ಮುಗಿಯಿತು. ಫ್ಲ್ಯಾಟು ತಗೊಂಡ ಮೇಲೆ ಗಂಡ ಬಸವಲಿಂಗನಿಗೆ ಬ್ಲೈಂಡ್ಸೇ ಬೇಕು, ನಮ್ಮ ಸಾಹೇಬರ ಕ್ಯಾಬಿನ್ನಿನಾಗ ಇವೇ ಅದಾವ ಶೈಲಾ, ದಾರ ಎಳದ್ರ ಬೆಳಕು, ಬಿಟ್ಟರ ಕತ್ತಲಿ, ಏನ್ ಚಂದ ಅಂತಿ — ಚಂದ ಖರೇರಿ, ಸಾಹೇಬರ ಬ್ಲೈಂಡ್ ಒರಸಲಿಕ್ಕೆ ಜವಾನ ಇರ್ತಾನ, ಇಲ್ಲೆ ಜವಾನನೂ ನಾನ, ಅಂದಿದ್ದಳು, ಅವನು ನಗುತ್ತಲೇ ತಂದು ಹಾಕಿಸಿದ್ದ.

ಬೆಡ್‌ರೂಮಿನದು ಬೆಳಿಗ್ಗೆಯೇ ಆಗಿದೆ, ಪುಣ್ಯಕ್ಕೆ ಅದು ಸಣ್ಣದು, ತೊಳೆದು, ನೆರಳಲ್ಲಿ ಒಣಗಿಸಿ, ಊಟವಾದ ಮೇಲೆ ಕೊಂಡಿಗೆ ಸಿಕ್ಕಿಸಿ ಬಂದಿದ್ದಾಳೆ, ಹೊಚ್ಚ ಹೊಸದರ ಹಾಗೆ ಲಕಲಕ. ಎಳೆಯುವ ದಾರದ ಎರಡು ತುದಿಗೂ ಹೆಬ್ಬೆರಳಷ್ಟು ಬಿಳಿ ಪ್ಲ್ಯಾಸ್ಟಿಕ್ಕಿನ ಗೊಂಡೆ, ಜಿಡ್ಡು ಹಿಡಿದಿವೆ ಅಂತ ಬಿಚ್ಚಿದರೆ ಒಂದು ಟಪ್ಪಂತ ಸೀಳಿತು, ಉಳಿದ ಒಂದನ್ನು ಕಟ್ಟಿ ಏನು ಮಾಡುವುದು, ಕಿಟಕಿಯ ಕಟ್ಟೆಯ ಮೇಲಿಟ್ಟು ಎರಡು ತುದಿಗಳನ್ನೂ ಸೇರಿಸಿ ಗಂಟು ಹಾಕಿಬಿಟ್ಟಳು. ದಾರದ ತುದಿ ಬಿಡಿಬಿಡಿಯಾಗಿ ನೇತಾಡಿದರೆ ಅವಳಿಗೆ ಆಗುವುದಿಲ್ಲ, ತವರಿನಲ್ಲಿ ಅವ್ವ ಚನ್ನಬಸವ್ವ ಶಿವದಾರ ಹೊಸೆಯುವಾಗ ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದ ಗಂಟು ಅದು, ಎರಡು ಸುತ್ತು, ಒಂದು ಹಿಮ್ಮುರಿ, ಹಸಿ ಮಾಡಿ ಬಿಗೀಬೇಕ್ವಾ, ಲಿಂಗಪ್ಪ ಇರೂ ದಾರ, ಬಿಚ್ಚಬಾರದು, ಲಿಂಗ ಕೊಳ್ಳಾಗಿಂದ ಬಿತ್ತಂದ್ರ ಪ್ರಾಣನ ಬಿದ್ದಂಗ. ಬೆರಳು ತಾವಾಗಿಯೇ ಹಾಕುತ್ತವೆ, ಗಂಟೆಂದರೆ ಅದೇ ಗಂಟು. ಗೋಡೆಯ ಎತ್ತರದ ಕೊಕ್ಕೆಗೆ ದಾರ ಸುತ್ತಿಡಬೇಕು ಅಂತ ಬ್ಲೈಂಡು ಹಾಕಿದವನು ಹೇಳಿದ್ದ, ದಿನಾ ಸುತ್ತುತ್ತಿದ್ದಳು ಕೂಡ, ಆದರೆ ಇವತ್ತು ದಾರ ಹಸಿ, ಹಸಿಯದನ್ನು ಸುತ್ತಿದರೆ ಮುಗ್ಗಲು ವಾಸನೆ, ಒಣಗಲಿ ಅಂತ ಹಾಗೇ ಇಳಿಬಿಟ್ಟಿದ್ದಾಳೆ. ಕೆಳಗೆ ಮನೆಯಲ್ಲಿ ಮಗಳು ಸ್ನೇಹಲ್ ಮಲಗಿದ್ದಾಳೆ, ಎಚ್ಚರವಾಗುವುದರೊಳಗೆ ಇದೊಂದು ಮುಗಿದರೆ ಸಾಕು.

ಧಡ್ ಅಂತು ಎಲ್ಲೋ ಬಾಗಿಲು, ಗಾಳಿ, ಅದರ ಹಿಂದೆಯೇ ಅಗಳಿಯ ಸಪ್ಪಳ, ಯಾರ ಮನೆಯದೋ. ನಲ್ಲಿಗೆ ಪೈಪು ಸಿಕ್ಕಿಸಿ ನೀರು ಬಿಡುತ್ತಾಳೆ, ನೀರು ಹರಿದಂತೆ ಪಟ್ಟಿಗಳು ಒಂದೊಂದಾಗಿ ಕಣ್ಣು ತೆರೆದ ಹಾಗೆ ಬೆಳ್ಳಗಾಗುತ್ತವೆ, ಕುತ್ತಿಗೆಗೆ ತಣ್ಣಗೆ ಏನೋ ತಾಗುತ್ತಿದೆ, ಏನದು — ದಾರ, ಈ ಬ್ಲೈಂಡಿನ ದಾರ, ನೆಲದ ಕೆಸರಿಗೆ ತಾಗದಿರಲಿ ಅಂತ ತಾನೇ ಕೊರಳಿಗೆ ಸುತ್ತಿಕೊಂಡಿದ್ದಾಳೆ, ಮರೆತೇಬಿಟ್ಟಿದ್ದಳು, ಅತ್ತಿ ನೋಡಿದ್ದರೆ ನಗುತ್ತಿದ್ದರು, ಭಾಳ ದೊಡ್ಡ ಶಿವದಾರ ಹಾಕ್ಕೊಂಡೀ ಅಲ್ಲ ಶೈಲಾ ಅಂತ. ಸ್ನೇಹಲ್‌ಗೂ ಈಗ ಅದೇ ಆಟ. ರಿಬ್ಬನ್ನು ಸಿಕ್ಕರೆ ಕೊರಳಿಗೆ, ನೀರಿನ ಬಾಟ್ಲಿಯ ಪಟ್ಟಿ ಸಿಕ್ಕರೆ ಕೊರಳಿಗೆ, ಮೊನ್ನೆ ಅಪ್ಪನ ಆಫೀಸಿನ ಗುರುತಿನ ಚೀಟಿಯ ಲಾಡಿ ಕೊರಳಿಗೆ ಹಾಕಿಕೊಂಡು ಎಡಗೈ ಚಾಚಿ ಅಂಗೈ ದಿಟ್ಟಿಸುತ್ತ ಕೂತಿತ್ತು ಕೂಸು, ಅಜ್ಜಿ ಚಪ್ಪಾಳೆ ತಟ್ಟಿದ್ದೇ ತಟ್ಟಿದ್ದು, ನೋಡಿಲ್ಲೆ, ನಮ್ಮ ಶರಣಿ ಪೂಜಿ ಮಾಡಾಕತ್ಯಾಳ! ದಾರ ಕಂಡರೆ ಸಾಕು, ತಲೆ ತೂರಿಸುತ್ತದೆ. ದಾರ ಕಂಡರೆ. ಕೊರಳಿನ ದಾರ ಕಿತ್ತು ಬಿಸುಟಳು, ಕೈಯ ಪೈಪು ಎಲ್ಲಿ ಬಿತ್ತೋ ತಿಳಿಯಲಿಲ್ಲ.

ತೊಟ್ಟಿಲು ಎಲ್ಲಿದೆ. ಕೂಸು ಮಲಗುವ ಕಟಕಟೆಯ ಮಂಚ, ಇನ್ನೂ ಎಲ್ಲರೂ ತೊಟ್ಟಿಲು ಅಂತಲೇ ಅನ್ನುವುದು, ಅದು ಎಲ್ಲಿದೆ — ಗೋಡೆಯ ಬದಿಗೆ, ಅಲ್ಲ, ಅಲ್ಲ, ನೆಲ ಒರೆಸಲಿಕ್ಕೆ ತಾನೇ ಎಳೆದಿದ್ದಳು, ಕಿಟಕಿಯ ಕೆಳಗೆ, ಕೂಸು ಮಲಗಿಯೇ ಇತ್ತು, ಮಲಗಿದ್ದ ಹಾಗೇ ಎಳೆದು ಕಿಟಕಿಯ ಕೆಳಗೆ ನಿಲ್ಲಿಸಿದಳು, ಆಮೇಲೆ ಬಗ್ಗಿ ಬ್ಲೈಂಡು ಸಿಕ್ಕಿಸಿದಳು, ದಾರ ಇಳಿಬಿಟ್ಟಳು, ಅದು ದಿಂಬಿನ ಮೇಲೆಯೇ ತೂಗುತ್ತಿತ್ತು, ಬಿಳಿ ದಾರ, ಉದ್ದಕ್ಕೆ ಇಳಿದು ತುದಿಯಲ್ಲಿ ದುಂಡಗೆ, ಗಂಟು, ತನ್ನದೇ ಗಂಟು, ಬಿಚ್ಚಬಾರದ ಗಂಟು. ಯವ್ವಾ! ಓಡುತ್ತಾಳೆ, ಕಾಲುಚೀಲದ ಕೈಯಲ್ಲೇ ಟೆರೇಸಿನ ಬಾಗಿಲು ದೂಡುತ್ತಾಳೆ, ಬಾಗಿಲು ಅಲುಗುವುದಿಲ್ಲ. ಆ ಅಗಳಿಯ ಸಪ್ಪಳ ಇದರದೇ. ಗಾಳಿಗೆ ಬಡಿದುಕೊಳ್ಳುತ್ತದೆ ಅಂತ ಕೆಳಗಿನ ಮಹಡಿಯವರು ಯಾರೋ ಒಳಗಿಂದ ಹಾಕಿಕೊಂಡು ಹೋಗಿದ್ದಾರೆ. ಓ, ಯಾರಿದ್ದೀರಿ, ಕೋಣ್ ಆಹೆ, ದಾರ್ ಉಘಡಾ, ಬಾಗಿಲು ತೆಗೀರಿ, ಕನ್ನಡ ಮರಾಠಿ ಎರಡರಲ್ಲೂ ಕೂಗುತ್ತ ಗುದ್ದುತ್ತಾಳೆ, ತಗಡಿನ ಬಾಗಿಲು ಗುಡುಗುತ್ತದೆ, ಆಚೆ ಯಾರೂ ಇಲ್ಲ. ಮೊಬೈಲು ಅಡುಗೆಮನೆಯ ಕಟ್ಟೆಯ ಮೇಲಿದೆ.

ಅತ್ತಿ ಇದ್ದಾರಲ್ಲ ಮನೆಯಲ್ಲಿ, ಹೌದು, ಇದ್ದಾರೆ, ರುದ್ರವ್ವ ಇದ್ದಾರೆ, ಹೆದರಬ್ಯಾಡ, ಕೂಸು ಎದ್ದರೆ ಅಳುತ್ತದೆ, ಅತ್ತರೆ ಎತ್ತಿಕೊಳ್ಳುತ್ತಾರೆ — ಆದರೆ ಹೊತ್ತು ಇಳಿದಿದೆ, ಅವರ ಸಂಜೆ ಪೂಜೆಯ ಹೊತ್ತು, ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಕೂತರೆಂದರೆ ಆಕಾಶ ಕಳಚಿ ಬಿದ್ದರೂ ಏಳುವವರಲ್ಲ ಅವರು, ಗ್ಯಾಸಿನವ ಬಂದರೂ ಇಲ್ಲ, ಫೋನು ಬಾರಿಸಿದರೂ ಇಲ್ಲ, ಕಿವಿಯೂ ಅಷ್ಟಕ್ಕಷ್ಟೇ. ಮತ್ತೆ ಎದ್ದ ಕೂಡಲೇ ಅಳುವ ಕೂಸಲ್ಲ ಅದು, ಎದ್ದು ಸುಮ್ಮನೆ ಆಡುತ್ತದೆ, ಎಷ್ಟು ಶಾಣ್ಯಾ ಕೂಸು ಅಂತ ಎಲ್ಲರ ಮುಂದೆ ಹೇಳಿಕೊಳ್ಳುತ್ತಿದ್ದಳು. ಒಂದು ಸಲವಾದರೂ ಅಳುವ ಹುಡುಗಿಯಾಗಿ ಹುಟ್ಟಬಾರದಿತ್ತೇ! ಲಿಂಗ ಕಟ್ಟಿಸಿದಾಗ ಅತ್ತಿ ಕೇಳಿದ್ದರು, ಕೂಸಿನ ಕೊಳ್ಳಾಗ ಹಾಕೂಣ ಶೈಲಾ, ನಮ್ಮಲ್ಲಿ ಎಲ್ಲಾ ಹಾಕ್ತಾರ, ಆಗ ಇವಳೇ, ಈ ಶೈಲಶ್ರೀಯೇ, ಬ್ಯಾಡ್ರಿ ಅತ್ತಿ, ನಿದ್ದಿಯಾಗ ದಾರ ಸುತ್ತಿಕೊಂಡ್ರ ಏನು ಗತಿ ಅಂತ ಹಟ ಹಿಡಿದು ಲಿಂಗವನ್ನು ತೊಟ್ಟಿಲ ತಲೆದೆಸೆಗೆ ಕಟ್ಟಿಸಿದ್ದಳು, ನಿನ್ನ ಮಗಳು, ನಿನ್ನ ಮಾತು ಅಂತ ಅವರು ಮುಖ ಸಣ್ಣದು ಮಾಡಿಕೊಂಡಿದ್ದರು. ಕಿಟಕಿಗೆ ಜಾಳಿಗೆ ಹಾಕಿಸಿದಳು, ಪ್ಲಗ್ಗಿನ ತೂತುಗಳಿಗೆ ಪಟ್ಟಿ ಅಂಟಿಸಿದಳು, ಫಿನೈಲು ಮೇಲಿನ ಗೂಡಿಗೆ ಏರಿಸಿದಳು, ಎಲ್ಲ ಮಾಡಿ ಕೊನೆಗೆ ತನ್ನ ಕೈಯಾರೆ ದಿಂಬಿನ ಮೇಲೆ ಅದನ್ನು ಕಟ್ಟಿ ಬಂದಳು. ಅದನ್ನು ಅಂದರೆ ಏನನ್ನು, ಹೆಸರಿದೆ ಅದಕ್ಕೆ, ಆ ಹೆಸರು ಬಾಯಿಗೆ ತರುವುದಿಲ್ಲ ಅವಳು.

ಗೋಡೆಯಂಚಿಗೆ ಓಡುತ್ತಾಳೆ, ಕಟ್ಟಡ ಮೂಲೆಯಲ್ಲಿ ತಿರುಗಿ ಆಚೆಗೆ ಚಾಚಿಕೊಂಡಿದೆ, ಬಗ್ಗಿದರೆ ತಮ್ಮ ಬೆಡ್‌ರೂಮಿನ ಕಿಟಕಿ ಕಾಣುತ್ತದೆ, ಅಗೋ, ಕಂಡಿತು, ಜಾಳಿಗೆಯ ಹಿಂದೆ ಬ್ಲೈಂಡು, ಬೆಳಿಗ್ಗೆ ತೊಳೆದದ್ದು, ಮುಚ್ಚಿದೆ, ಬೆಳ್ಳಗೆ, ಒಳಗೆ ಏನೂ ಕಾಣದು, ಏನ್ ಚಂದ ಅಂತಿ. ಸುಮ್ಮನೇ ಇದೆ. ಮಲಗಿದ್ದಾಳೆ, ಮಲಗಿಯೇ ಇದ್ದಾಳೆ, ಇನ್ನೊಂದಿಷ್ಟು ಹೊತ್ತು ಮಲಗು ನನ್ನವ್ವಾ — ಅಷ್ಟರಲ್ಲಿ ಬ್ಲೈಂಡು ಅಲುಗುತ್ತದೆ. ಗಾಳಿಯಲ್ಲ, ಕಿಟಕಿಯ ಗಾಜು ಹಾಕಿದೆ. ಒಂದು ಮೂಲೆ ಜಗ್ಗನೆ ಮೇಲೇರಿತು, ಇಳಿಯಿತು, ಮತ್ತೆ ಏರಿತು, ಒಳಗಿನಿಂದ ಯಾರೋ ದಾರ ಎಳೆಯುತ್ತಿದ್ದಾರೆ, ಯಾರೋ ಅಂದರೆ ಯಾರು, ಸ್ನೇಹಾ! ಸ್ನೇಹಾ, ಬ್ಯಾಡ, ಬಿಡು ಅದನ್ನ! ಗಾಳಿ ಮಾತನ್ನು ಬಾಯಿಂದಲೇ ಕಿತ್ತುಕೊಂಡು ಹೋಗುತ್ತದೆ, ಎದುರಿನ ಕಟ್ಟಡದಲ್ಲಿ ಕಾಂಕ್ರೀಟು ಕಲಸುವ ಯಂತ್ರ ತಿರುಗುತ್ತಲೇ ಇದೆ, ಅದನ್ನು ದಾಟಿ ಯಾರಿಗೆ ಕೇಳೀತು. ಬ್ಲೈಂಡು ಇನ್ನೊಮ್ಮೆ ಜಗ್ಗಿತು. ಆಮೇಲೆ ಹಾಗೇ ನಿಂತಿತು, ಒಂದು ಕಡೆ ಮೇಲೆ, ಒಂದು ಕಡೆ ಕೆಳಗೆ, ಸೊಟ್ಟಗೆ, ಅಲುಗಲಿಲ್ಲ. ಅಲುಗು. ಅಲುಗು ಅಂತೀನಿ. ಇಷ್ಟು ಹೊತ್ತು ಬಿಡು ಅಂದವಳು ಈಗ ಎಳಿ, ಎಳಿಯವ್ವಾ, ಇನ್ನೊಂದು ಸಲ ಎಳಿ ಅಂತ ಬೇಡಿಕೊಳ್ಳುತ್ತಾಳೆ. ಸೊಟ್ಟ ಬ್ಲೈಂಡು ಸೊಟ್ಟಗೇ ನಿಂತಿದೆ.

ಬಾಗಿಲಿಗೆ ಮತ್ತೆ, ಮುಷ್ಟಿಯಿಂದ, ಮೊಣಕೈಯಿಂದ, ಕೊನೆಗೆ ಬಕೆಟ್ಟಿನಿಂದ, ಬಕೆಟ್ಟು ಒಡೆದರೆ ಒಡೆಯಲಿ, ಒಳಗೆ ಚಪ್ಪಲಿಯ ಸಪ್ಪಳ, ಅಗಳಿ ಸರಿಯಿತು, ತಮ್ಮ ಮನೆಯ ಮೇಲಿನ ಮಹಡಿಯ ಇಂದೂ ಕಾಕು, ಕೈಯಲ್ಲಿ ಲಟ್ಟಣಿಗೆ, ಅಗಬಾಯೀ, ಶೈಲಾ, ತೂ ವರ್ ಹೋತೀಸ್, ಮೇಲೇ ಇದ್ದೆಯಾ, ನಾನೇ ಹಾಕಿದೆನಲ್ಲೇ ಅಗಳಿ — ಅವರನ್ನು ನೂಕಿಯೇ ಇಳಿಯುತ್ತಾಳೆ, ಮೆಟ್ಟಿಲು, ತಿರುವು, ಮೆಟ್ಟಿಲು, ಒದ್ದೆ ಕಾಲು ಜಾರುತ್ತದೆ, ಮೊಣಕಾಲು ಬಡಿಯುತ್ತದೆ, ಏಳುತ್ತಾಳೆ, ಬಸವಣ್ಣಾ, ಇನ್ನೇನೂ ಕೇಳೂದಿಲ್ಲಪಾ ನಿನ್ನ, ಫ್ಲ್ಯಾಟು ಬ್ಯಾಡ, ಏನೂ ಬ್ಯಾಡ, ವಾಡೆಯ ಆ ಎರಡು ಕೋಣಿಗೇ ವಾಪಸ್ ಹೋಗ್ತೀವಿ, ಹಳೇ ಸೀರಿ ಕಟ್ಟಿಕೊಂಡು ಇರ್ತೀವಿ. ಮನೆಯ ಬಾಗಿಲು ಬರೀ ಮುಂದೆ ಮಾಡಿದೆ, ಅಗಳಿ ಹಾಕಿಲ್ಲ, ಒಳಗೆ ವಿಭೂತಿಯ ವಾಸನೆ, ಊದುಬತ್ತಿ, ಮೂಲೆಯಲ್ಲಿ ಅತ್ತಿಯ ಬೆನ್ನು, ಅಲುಗದ ಬೆನ್ನು, ಬೆಡ್‌ರೂಮು.

ಕೂಸು ನಿಂತಿದೆ. ತೊಟ್ಟಿಲಲ್ಲಿ, ದಿಂಬಿನ ಮೇಲೆ ನಿಂತಿದೆ, ಕೊರಳಲ್ಲಿ ದಾರ, ದಾರ ಮೇಲಕ್ಕೆ ಬಿಗಿಯಾಗಿ ಹೋಗಿದೆ, ಎಡಗೈ ಮುಂದೆ ಚಾಚಿದೆ, ಅಂಗೈಯಲ್ಲಿ ಆ ಬಿಳಿ ಗೊಂಡೆ, ಕಿಟಕಿಯ ಕಟ್ಟೆಯ ಮೇಲೆ ತಾನಿಟ್ಟದ್ದು, ಅದನ್ನೇ ದಿಟ್ಟಿಸುತ್ತಿದೆ, ತುಟಿ ಅಲುಗುತ್ತಿದೆ, ಅಜ್ಜಿಯ ಹಾಗೇ, ಪೂಜೆ. ಉಸಿರಿದೆ. ಉಸಿರಿದೆ! ಸ್ನೇಹಾ ಅನ್ನಲು ಬಾಯಿ ತೆರೆದವಳು ತುಟಿ ಕಚ್ಚಿ ಹಿಡಿಯುತ್ತಾಳೆ, ಅವ್ವನನ್ನು ಕಂಡರೆ ಈ ಕೂಸು ಕಟಕಟೆಯ ಮೇಲಿಂದ ಹಾರಿಯೇ ಬರುವುದು, ದಿನಾ ಹಾಗೇ, ಎರಡೂ ಕೈ ಚಾಚಿ ಹಾರುತ್ತದೆ, ಹಾರಬಾರದು, ನೋಡಬಾರದು, ದಿಂಬು ಜಾರಬಾರದು, ಸೆರಗಿನ ನೀರು ನೆಲಕ್ಕೆ ತೊಟ್ಟಿಕ್ಕುತ್ತಿದೆ, ಆ ಸಪ್ಪಳವೂ ಆಗಬಾರದು. ತಾನು ಉಸಿರು ಬಿಟ್ಟರೆ ಕೂಸಿನ ಉಸಿರು ಹೋಗುತ್ತದೆ ಅನ್ನಿಸುತ್ತದೆ. ಹಿಂದಿನಿಂದ, ಗೋಡೆಗೆ ಒತ್ತಿಕೊಂಡು, ಒಂದು ಹೆಜ್ಜೆ, ಕೂಸಿನ ಕತ್ತು ತಿರುಗುತ್ತಿದೆ, ಕಣ್ಣು ಅರಳುತ್ತಿದೆ, ಅವ್ವಾ, ಕಾಲು ಎತ್ತಿತು — ಹೊಟ್ಟೆಯ ಸುತ್ತ ಕೈ ಹಾಕಿ ಎತ್ತಿ ಎದೆಗೆ ಒತ್ತಿಕೊಂಡಳು, ದಾರ ಸಡಿಲಾಯಿತು, ಕಿವಿಗೆ ಸಿಕ್ಕಿತು, ಗಲ್ಲಕ್ಕೆ ಸಿಕ್ಕಿತು, ತೆಗೆದಳು.

ಕುತ್ತಿಗೆಯಲ್ಲಿ ಒಂದು ಕೆಂಪು ಗೆರೆ, ಕೂದಲೆಳೆಯಷ್ಟು. ಕೂಸು ಚೀರುತ್ತಿದೆ, ನೋವಿಗಲ್ಲ, ಕೈ ಚಾಚಿ ದಾರದ ಕಡೆಗೇ ಬಾಗುತ್ತಿದೆ, ನಂದು, ಲಿಂಗಪ್ಪ ನಂದು, ಕೊಡು. ಒಂದು ಕೈಯಲ್ಲಿ ಮಗಳು, ಇನ್ನೊಂದು ಕೈಯಲ್ಲಿ ಗಂಟು ಬಿಚ್ಚಲು ನೋಡುತ್ತಾಳೆ, ಉಗುರು ಮುರಿಯುತ್ತದೆ, ಹಲ್ಲು ಹಾಕುತ್ತಾಳೆ, ಬರುವುದಿಲ್ಲ, ಹಸಿ ಮಾಡಿ ಬಿಗಿದದ್ದು, ಈಗ ಒಣಗಿದೆ. ಯಾಕ ಶೈಲಾ, ಕೂಸು ಯಾಕ ಹಂಗ ಚೀರಾಕತ್ತದ, ಪೂಜೆ ಮುಗಿಸಿ ಬಾಗಿಲಲ್ಲಿ ರುದ್ರವ್ವ, ಹಣೆಯ ತುಂಬ ವಿಭೂತಿ, ತೊಟ್ಟಿಲು ನೋಡಿದರು, ದಾರ ನೋಡಿದರು, ಕೂಸಿನ ಕುತ್ತಿಗೆ ನೋಡಿದರು, ಕೈ ತಮ್ಮ ಕೊರಳಿನ ಶಿವದಾರಕ್ಕೆ ಹೋಗಿ ಅಲ್ಲೇ ನಿಂತಿತು, ಯವ್ವಾ, ನಾನ ಕಲಿಸಿದ್ನೇ ಈ ಪೂಜಿ ಆಟ, ಅಂದರು. ಅಲ್ಲರಿ ಅತ್ತಿ, ನಾ ಕಟ್ಟಿದ್ದು, ಅನ್ನಲು ಬಾಯಿ ತೆರೆದಳು, ಹಲ್ಲಿನಿಂದ ದಾರ ಜಾರಿ ಹೋಯಿತು, ಕಿಟಕಿಗೆ ಹೋಗಿ ಬಡಿದು ತಿರುಗಿ ಬಂತು, ದಿಂಬಿನ ಮೇಲೆ, ಕೂಸಿನ ಕಾಲು ಊರಿದ ತಗ್ಗಿನ ಮೇಲೆ, ಆ ಕಡೆ, ಈ ಕಡೆ, ಕುಣಿಕೆ, ಬಿಳಿ ಕುಣಿಕೆ, ಒಳಗೆ ಏನೂ ಇಲ್ಲ, ಆ ಕಡೆ, ಈ ಕಡೆ, ಒಳಗೆ ಏನೂ ಇಲ್ಲ, ಕುಣಿಕೆ